ಮನೆ ಇಟ್ಕೊಂಡು ಬಯಲಲ್ಲಿ ಮಲಗೋದು

ದುಡ್ಡು ಕೊಟ್ಟು ಟೆಂಟ್ ತಗೊಂಡು ಬಯಲಲ್ಲಿ ಮಲಗುವ ಜನ ಲೋಕದಲ್ಲಿ ಇದ್ದಾರೆ ಅನ್ನೋದನ್ನ ನಮ್ಮಪ್ಪ ಹೇಗೋ ಒಪ್ಪಿಕೊಂಡಿದ್ದರು. ಆ ಜನರಲ್ಲಿ ಮಗನೂ ಒಬ್ಬ ಅನ್ನೋದು ಮಾತ್ರ ಕಷ್ಟವಾಯ್ತು. ಸಂಕ್ರಾಂತಿ ರಜೆಗೆ ಊರಿಗೆ ಬರ್ತೀವಿ, ಒಂದು ರಾತ್ರಿ ತೋಪಲ್ಲಿ ಟೆಂಟ್ ಹಾಕ್ತೀವಿ ಅಂತ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು: "ಮನೇಲಿ ಏನಾದ್ರೂ ಮಾತು ಬಂತೇನಪ್ಪಾ?"

ಅವರ ತಪ್ಪಲ್ಲ. ನಮ್ಮ ಶ್ರೀನಿವಾಸಪುರದ ಕಡೆ ಬಯಲಲ್ಲಿ ಮಲಗೋಕೆ ಮೂರೇ ಕಾರಣ. ಫಸಲು ಕಾಯಬೇಕು, ಇಲ್ಲಾ ರಾತ್ರಿ ಕರೆಂಟ್ ಬಂದಾಗ ಮೋಟರ್ ಹಾಕಬೇಕು, ಇಲ್ಲಾ ಮನೆಯಲ್ಲಿ ಜಗಳ ಆಗಿರಬೇಕು.

ನನ್ನ ಆಫೀಸಿನವರಿಗೆ ಬೆಟ್ಟ ಅಂದರೆ ಕೊಡಗು, ಚಿಕ್ಕಮಗಳೂರು. ಶುಕ್ರವಾರ ರಾತ್ರಿ ಹೊರಟು, ಟ್ರಾಫಿಕ್ಕಲ್ಲಿ ನಿಂತು, ಬೆಳಗಾಗೋ ಹೊತ್ತಿಗೆ ತಲುಪುವ ಜಾಗ. ನಮ್ಮ ಬೆಟ್ಟಗಳು ಹಳೇ ಮದ್ರಾಸ್ ರಸ್ತೆಯಲ್ಲಿ ಎಪ್ಪತ್ತು ಕಿಲೋಮೀಟರಿಗೇ ಶುರುವಾಗುತ್ತವೆ. ದಾರಿಯಲ್ಲಿ ನರಸಾಪುರದ ಕೆರೆ ಸಿಗುತ್ತೆ. ನಾನು ಕಾಲೇಜಿಗೆ ಓಡಾಡುವಾಗ ಒಣಗಿ ಬಿರುಕು ಬಿಟ್ಟಿದ್ದ ಕೆರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಬಿಡ್ತಾ ಇದಾರೆ. "ನಾವು ಬಾತ್‌ರೂಮಲ್ಲಿ ಬಿಟ್ಟ ನೀರಾ?" ಅಂತ ಏಳು ವರ್ಷದ ಮಗಳು ಕೇಳಿದಳು. ಹೂಂ ಅಂದೆ. ಮಾಲೂರಿನವಳಾದ ನನ್ನ ಹೆಂಡತಿ, "ಇರಲಿ ಬಿಡು, ಇದೇ ನೀರು ನಂಬ್ಕೊಂಡು ಎಷ್ಟೋ ಬೋರ್‌ವೆಲ್ಲು ಉಸಿರಾಡ್ತಾ ಇವೆ" ಅಂದಳು.

ಮೊದಲು ಅಂತರಗಂಗೆ. ಕೋಲಾರ ಪಟ್ಟಣದ ನೆತ್ತಿಯ ಮೇಲಿರುವ ಶತಶೃಂಗ ಬೆಟ್ಟ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಪಕ್ಕದ ಕಲ್ಯಾಣಿಯಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ಬೀಳುವ ನೀರು. ನಮ್ಮ ತೋಪಲ್ಲಿ 1200 ಅಡಿ ಕೊರೆದರೂ ಬರೀ ಧೂಳು ಬಂದಿತ್ತು. ಇಲ್ಲಿ ಬೆಟ್ಟದ ಮೇಲೆ ನೀರು! ಮಳೆ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು, ನಿಧಾನಕ್ಕೆ ಕೆಳಗೆ ಒಸರುತ್ತೆ ಅಂತ ಮಗಳಿಗೆ ಹೇಳಿದೆ. ಅವಳಿಗೆ ಬಸವಣ್ಣನ ಹೊಟ್ಟೆಯಲ್ಲೇ ಟ್ಯಾಂಕ್ ಇದೆ ಅನ್ನೋ ವಿವರಣೆ ಹೆಚ್ಚು ಹಿಡಿಸಿತು.

ಗುಡಿಯ ಮೇಲಿನ ದಾರಿಯಲ್ಲಿ ಬಂಡೆಗಳ ರಾಶಿ. ಟ್ರೆಕ್ಕಿಂಗ್ ಕಂಪನಿಗಳ ಜಾಹೀರಾತಲ್ಲಿ ಇವನ್ನು ಜ್ವಾಲಾಮುಖಿ ಕಲ್ಲು ಅಂತ ಬರೀತಾರೆ, ನಂಬಬೇಡಿ. ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಜಾತಿಯ ಕಲ್ಲು, ಬಿಸಿಲು ಮಳೆಗೆ ಸೀಳಿ ದುಂಡಗಾದದ್ದು. ಗುಹೆ ಅನ್ನೋದೂ ಬಂಡೆಗಳ ನಡುವಿನ ಸಂದಿಯೇ. ಮಕ್ಕಳ ಜೊತೆ ಹೋದರೆ ದಾರಿ ಗೊತ್ತಿರುವವರಿಲ್ಲದೆ ಒಳಗೆ ನುಗ್ಗಬೇಡಿ. ತಿಂಡಿ ಬ್ಯಾಗಿನೊಳಗೇ ಇರಲಿ, ಕೈಯಲ್ಲಿದ್ದದ್ದು ಕೋತಿಯ ಪಾಲು. ಮೇಲೆ ತೇರಹಳ್ಳಿ ಇದೆ, ಹೊಲ ಮನೆ ದನ ಎಲ್ಲ ಇರುವ ಊರು. ನಾವು ಏದುಸಿರು ಬಿಟ್ಟು ಹತ್ತಿದ್ದನ್ನು ಟ್ರೆಕ್ ಅಂತೀವಿ. ಅಲ್ಲಿಯವರಿಗೆ ಅದು ಮನೆಗೆ ಹೋಗುವ ದಾರಿ.

ಬೆಟ್ಟದ ಮೇಲೆ ರಾತ್ರಿ ಉಳಿಯಬೇಕಾದರೆ ಅರಣ್ಯ ಇಲಾಖೆ ಅನುಮತಿ ಬೇಕು. ನಮ್ಮದೇ ತೋಪಿಗೆ ಯಾರ ಅನುಮತಿಯೂ ಬೇಡ, ಅಪ್ಪನದೊಂದು ಬಿಟ್ಟು. ಸಂಜೆ ಕಾರು ನಿಲ್ಲಿಸಿ ಟೆಂಟ್ ಬಿಚ್ಚುವಾಗ ಅವರು ದೂರ ನಿಂತು ನೋಡಿದರು. ರಸ್ತೆಯಲ್ಲಿ ಹೋಗ್ತಿದ್ದ ಒಬ್ಬರು ತೆಲುಗಲ್ಲಿ ಏನು ಅಂತ ಕೇಳಿದ್ದಕ್ಕೆ, "ಮಗು ಸ್ಕೂಲ್‌ದು ಏನೋ ಪ್ರಾಜೆಕ್ಟಂತೆ" ಅಂತ ತೆಲುಗಲ್ಲೇ ಸುಳ್ಳು ಹೇಳಿದರು. ಆಮೇಲೆ ಮನೆಯಿಂದ ಮುದ್ದೆ, ಹಿತಕವರೆ ಸಾರು ಬಂತು. ಜೊತೆಗೆ ಅಪ್ಪನ ಮಂಚ, ಕಂಬಳಿಯೂ ಬಂತು. ಟೆಂಟಿನ ಬಾಗಿಲಿಗೆ ಅಡ್ಡ ಹಾಕಿಕೊಂಡು ಮಲಗಿದರು.

ಮಾವಿನ ಮರಗಳು ಆಗ ತಾನೇ ಹೂ ಬಿಡ್ತಾ ಇದ್ದವು. ಮಗಳು ಕೇಳಿದಳು, "ತಾತ, ನೀವು ಯಾವಾಗಾದ್ರೂ ಕ್ಯಾಂಪಿಂಗ್ ಮಾಡಿದ್ದೀರಾ?" ಮೊದಲು ನಕ್ಕರು. ಆಮೇಲೆ ಕತೆ ಶುರುವಾಯ್ತು. ಮೂವತ್ತು ವರ್ಷ ಬೇಸಿಗೆಯಲ್ಲಿ ಇಲ್ಲೇ ಗುಡಿಸಲಲ್ಲಿ ತೋಪು ಕಾದದ್ದು, ಹಾವು ಕಂಬಳಿ ಮೇಲೆ ಹಾದು ಹೋದದ್ದು, ಕಳ್ಳ ಅಂತ ಓಡಿಸಿಕೊಂಡು ಹೋಗಿ ನೋಡಿದರೆ ಸ್ವಂತ ಷಡ್ಡಕ ಆಗಿದ್ದದ್ದು. ಇದ್ಯಾವುದನ್ನೂ ನಾನು ಕೇಳಿರಲಿಲ್ಲ.

ಮಗಳು, ಹೆಂಡತಿ ನಿದ್ದೆ ಹೋದರು. ಕತ್ತಲಲ್ಲಿ ಅಪ್ಪ ನಿಧಾನಕ್ಕೆ ಅಂದರು, "ಒಬ್ಬ ಪಾರ್ಟಿ ಬಂದಿದ್ದ. ತೋಪು ಕೇಳ್ತಾವ್ನೆ. ಯುಗಾದಿಗೆ ಉತ್ತರ ಹೇಳ್ಬೇಕು."

2025ರ ಜೂನಿನಲ್ಲಿ ತೋತಾಪುರಿ ಬೆಲೆ ಬಿದ್ದು ಶ್ರೀನಿವಾಸಪುರದ ರೈತರು ಬೀದಿಗೆ ಇಳಿದಿದ್ದರು. ನಮ್ಮ ಫಸಲು ಗುತ್ತಿಗೆ ಹಿಡಿದಿದ್ದವನು ಅರ್ಧ ಹಣ್ಣು ಮರದಲ್ಲೇ ಬಿಟ್ಟು ಹೋಗಿದ್ದ. ಅದು ನನಗೆ ಗೊತ್ತಿತ್ತು. ಮಾರುವ ಮಾತು ಇಷ್ಟು ಮುಂದೆ ಹೋಗಿದ್ದು ಗೊತ್ತಿರಲಿಲ್ಲ. ದಿನಾ ಫೋನ್ ಮಾಡ್ತೀವಿ. ಊಟ ಆಯ್ತಾ, ಮಳೆ ಬಂತಾ, ಮಗು ಹೇಗಿದೆ. ಆ ಎರಡು ನಿಮಿಷದಲ್ಲಿ ಇಂಥ ಮಾತಿಗೆ ಜಾಗ ಇರಲ್ಲ. ಹಬ್ಬಕ್ಕೆ ಹೋದರೆ ಟಿವಿ, ನೆಂಟರು. ಎದುರುಬದುರು ಕೂತು ಕೇಳೋಕೆ ಅವರಿಗೆ ಸಂಕೋಚ, ನನಗೂ. ಮುಖ ಕಾಣದ ಕತ್ತಲಲ್ಲಿ, ಇಬ್ಬರೂ ಆಕಾಶ ನೋಡ್ತಾ ಮಲಗಿದ್ದಾಗ ಆ ಮಾತು ಸಲೀಸಾಗಿ ಬಂತು. "ನಿಮಗೇನು ಅನಿಸ್ತಿದೆ?" ಅಂದೆ. "ನೀನು ವಾಪಸ್ ಬರಲ್ಲ ಅಂತ ಗೊತ್ತು. ಅದಕ್ಕೇ ಕೇಳಿದೆ" ಅಂದರು. ಬರ್ತೀನಿ ಅಂತ ಸುಳ್ಳು ಹೇಳೋಕೆ ನಾಲಿಗೆ ಏಳಲಿಲ್ಲ.

ಮಾರನೆ ದಿನ ಮುಳಬಾಗಿಲು ಕಡೆಯ ಆವಣಿ ಬೆಟ್ಟಕ್ಕೆ ಅಪ್ಪನೂ ಕಾರು ಹತ್ತಿದರು. ಸೀತೆ ಲವಕುಶರನ್ನು ಹೆತ್ತ ಜಾಗ ಅಂತ ನಂಬಿಕೆ. ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು, ಮೇಲೆ ಸೀತೆಗೊಂದು ಗುಡಿ. ಶಿವರಾತ್ರಿ ಜಾತ್ರೆಗೆ ಎತ್ತು ಕೊಳ್ಳೋಕೆ ಅಪ್ಪ ಎಷ್ಟೋ ಸಲ ಬಂದಿದ್ದರಂತೆ, ಬೆಟ್ಟ ಮಾತ್ರ ಹತ್ತಿರಲಿಲ್ಲ. "ಎತ್ತಿಗೆ ಬಂದೋನು ಬೆಟ್ಟ ಯಾಕೆ ಹತ್ತಲಿ?" ನನ್ನ ಆರು ಸಾವಿರದ ಶೂಗಿಂತ ಮುಂದೆ ಅವರ ಹವಾಯಿ ಚಪ್ಪಲಿ ತುದಿ ಮುಟ್ಟಿತ್ತು. ಅಲ್ಲಿ ಮೊಮ್ಮಗಳ ಕೈ ಹಿಡಿದು ನಿಂತು, ಕೆಳಗಿನ ಕೆರೆ, ತೋಪುಗಳನ್ನು ಬಹಳ ಹೊತ್ತು ನೋಡಿದರು.

ಹೊರಡುವಾಗ ಡಿಕ್ಕಿಗೆ ಸಾಮಾನು ತುಂಬ್ತಾ ಇದ್ದೆ. ಟೆಂಟಿನ ಚೀಲ ಎತ್ತಿ ನೋಡಿ ಬೆಲೆ ಕೇಳಿದರು. ನಾಲ್ಕೂವರೆ ಸಾವಿರ ಅಂದೆ. ಬೈತಾರೆ ಅಂದುಕೊಂಡೆ.

"ಇದು ಇಲ್ಲೇ ಇರ್ಲಿ ಬಿಡು" ಅಂದರು. "ಈ ಸಲ ಫಸಲು ಗುತ್ತಿಗೆಗೆ ಕೊಡಲ್ಲ. ಮೇ ತಿಂಗಳಿಗೆ ಬೇಕಾಗ್ತದೆ."