ಹಳೆಯ ಫೋನಿಗೂ ಹೊಸ ಫೋನಿಗೂ

ಕಳೆದ ವರ್ಷ ಅತ್ತೆಗೆ ಹೊಸ ಮೊಬೈಲ್ ಕೊಂಡೆವು. ಅವರು ವರ್ಷಗಳಿಂದ ಕುರ್‌ಆನ್ ಪಾರಾಯಣ ಆಲಿಸುತ್ತಿದ್ದ ಆ್ಯಪ್ ಅದರಲ್ಲಿ ನಡೆಯಲಿಲ್ಲ. "ಫೋನ್ ಕೆಟ್ಟಿಲ್ಲ ಉಮ್ಮಾ, ಆ್ಯಪ್ 32 ಬಿಟ್‌ನದ್ದು. ಈ ಫೋನಿನಲ್ಲಿ 64 ಬಿಟ್‌ನದ್ದು ಮಾತ್ರ ನಡೆಯುತ್ತದೆ" ಎಂದ ಮಗ. ಕೂರಿಸಿ ವಿವರ ಕೇಳಿದೆ.

ಪ್ರೊಸೆಸರ್ ಯಂತ್ರದ ಮಿದುಳು. ಒಂದೊಂದು ಬಗೆಯ ಮಿದುಳಿಗೂ ಒಂದೊಂದು ಭಾಷೆ. ಇಂಟೆಲ್‌ನ ಕಂಪ್ಯೂಟರಿಗೆ ಒಂದು, ಹೆಚ್ಚಿನ ಮೊಬೈಲ್‌ಗಳಲ್ಲಿರುವ ಆರ್ಮ್ ಪ್ರೊಸೆಸರಿಗೆ ಇನ್ನೊಂದು. ನನ್ನ ತರಗತಿಯಲ್ಲಿ ಬ್ಯಾರಿ, ಉರ್ದು, ಕನ್ನಡ ಮನೆಮಾತಿನ ಮಕ್ಕಳಿದ್ದಾರೆ. ವುಝೂವಿನ ಪಾಠ ಒಂದೇ. ಆದರೆ ಅವರವರ ಮಾತಿನಲ್ಲಿ ಹೇಳಿದರೇ ತಲೆಗೆ ಹೋಗುವುದು. ಸಾಫ್ಟ್‌ವೇರ್ ಬರೆಯುವವರೂ ಒಂದೇ ಮೂಲ ಬರಹವನ್ನು ಕಂಪೈಲರ್ ಮೂಲಕ ಬೇರೆ ಬೇರೆ ಪ್ರೊಸೆಸರ್‌ಗಳ ಭಾಷೆಗೆ ತಿರುಗಿಸುತ್ತಾರೆ.

ಮೆಮೊರಿಯ ಪ್ರತಿಯೊಂದು ಬೈಟ್‌ಗೂ ಮನೆ ನಂಬರಿನಂತೆ ವಿಳಾಸವಿದೆ. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು ಸುಮಾರು 429 ಕೋಟಿ, ಅಂದರೆ 4 ಜಿಬಿ. 64 ಬಿಟ್‌ನಲ್ಲಾದರೆ ಲೆಕ್ಕದ ಪ್ರಕಾರ 1,700 ಕೋಟಿ ಜಿಬಿಗೂ ಮಿಕ್ಕಿದೆ. ಹಳೆಯ ಬರಹದಲ್ಲಿ ವಿಳಾಸಕ್ಕೆ 32 ಬಿಟ್‌ನಷ್ಟೇ ಜಾಗವಿಟ್ಟಿದ್ದರೆ ದೊಡ್ಡ ವಿಳಾಸದ ಅರ್ಧ ಉದುರಿಹೋಗುತ್ತದೆ. ಆರೇ ಚೌಕಗಳಿರುವ ಅರ್ಜಿಯಲ್ಲಿ ಹತ್ತಂಕಿಯ ಮೊಬೈಲ್ ನಂಬರ್ ತುಂಬಿದಂತೆ! ಅಂತಹ ಕಡೆಗಳನ್ನು ಹುಡುಕಿ ತಿದ್ದಬೇಕು, ಒಂದೊಂದು ಬಗೆಯ ಯಂತ್ರದಲ್ಲೂ ಪರೀಕ್ಷಿಸಬೇಕು. 2019ರ ಆಗಸ್ಟ್‌ನಿಂದ ಗೂಗಲ್ ಪ್ಲೇ, 32 ಬಿಟ್‌ನ ಆ್ಯಪ್ ತರುವವರು 64 ಬಿಟ್‌ನದ್ದನ್ನೂ ಕೊಡಬೇಕೆಂದು ನಿಯಮ ಮಾಡಿತು. ಯಾರೂ ತಿದ್ದದೆ ಬಿಟ್ಟ ಆ್ಯಪ್‌ಗಳು ಹಿಂದುಳಿದವು.

ಹಾಗೆಂದು ಹಳೆಯದನ್ನೆಲ್ಲ ಕೈಬಿಡುವುದೂ ಸರಿಯಲ್ಲ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಉಚಿತ ವ್ಯವಸ್ಥೆಯನ್ನು ಸ್ವಯಂಸೇವಕರೇ ನಡೆಸುತ್ತಿದ್ದಾರೆ. 2025ರಲ್ಲಿ ಬಂದ ಅದರ 13ನೇ ಆವೃತ್ತಿ ಏಳು ಬಗೆಯ ಪ್ರೊಸೆಸರ್‌ಗಳಿಗೆ ಸಿದ್ಧವಾಗಿದೆ. ಆದರೆ ಹಳೆಯ 32 ಬಿಟ್ ಪಿಸಿಗಳಲ್ಲಿ ಅದನ್ನು ಹೊಸದಾಗಿ ಅಳವಡಿಸುವ ಸೌಲಭ್ಯ ಈಗಿಲ್ಲ. ಒಂದೊಂದು ಬಗೆಯ ಯಂತ್ರಕ್ಕೂ ದುಡಿಯುವ ಕೈಗಳು ಬೇಕಲ್ಲವೇ?

ಆ ಕೈಗಳು ನಮ್ಮ ಮಕ್ಕಳದ್ದೂ ಆಗಬಾರದೇಕೆ? ಇಂದು ನಮ್ಮ ಎಷ್ಟೋ ಹೆಣ್ಣುಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆ, ಮಾಶಾ ಅಲ್ಲಾಹ್. ಅವರಿಗೆ ನನ್ನದೊಂದು ಮಾತು: 2020ರ ಲಾಕ್‌ಡೌನ್‌ನಲ್ಲಿ ಒಂದೇ ಹಳೆಯ ಮೊಬೈಲಿನ ಮುಂದೆ ಮೂವರು ಮಕ್ಕಳು ಕುಳಿತು ಪಾಠ ಕೇಳಿದ ಮನೆಗಳನ್ನು ನಾನು ಕಂಡಿದ್ದೇನೆ. ನೀವು ಆ್ಯಪ್ ಕಟ್ಟುವಾಗ ಹೊಸ ಯಂತ್ರಕ್ಕೆ ಸಿದ್ಧಪಡಿಸಿರಿ. ಸಾಧ್ಯವಿರುವಷ್ಟು ಕಾಲ ಆ ಹಳೆಯ ಮೊಬೈಲಿಗೂ ಒಂದು ಪ್ರತಿ ಇರಲಿ. ಬಡ ನೆರೆಮನೆಯ ಹಕ್ಕು ಅಡುಗೆಯ ಪಾಲಿಗಷ್ಟೇ ಸೀಮಿತವಲ್ಲ, ಅರಿವಿನಲ್ಲೂ ಇದೆ.