ಹೊಟ್ಟೆಗೆ ಯಾಕೆ ಕವಚ ಇಲ್ಲ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಒಂದು ಮೇಜು, ನಾಲ್ಕೈದು ಜನ, ಇಪ್ಪತ್ತು ಮುಖದ ಒಂದು ದಾಳ. ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ. ಬಾಗಿಲು ಒಡೀಬೇಕಾ, ಡ್ರ್ಯಾಗನ್ ಜೊತೆ ಸಂಧಾನ ಮಾಡ್ಕೋಬೇಕಾ, ಅದು ನಿಮ್ಮಿಷ್ಟ. ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನೋ ಇಬ್ಬರು ಅಮೆರಿಕನ್ನರು ಮಾಡಿದ ಈ ಆಟ ಮೊದಲು ಬಂದದ್ದು 1974ರಲ್ಲಿ. ನಾವು ಐದು ಜನ, ಮೂವರು ಹುಡುಗರು, ಇಬ್ಬರು ಹುಡುಗಿಯರು, ಫಸ್ಟ್ ಇಯರ್‌ನಿಂದ ಶನಿವಾರ ಸಂಜೆ ಕ್ಯಾಂಟೀನ್ ಹಿಂದಿನ ಮೇಜಲ್ಲಿ ಇದನ್ನ ಆಡ್ತಾ ಬಂದಿದ್ದೀವಿ. ಇಂಟರ್ನಲ್ಸ್ ಇದ್ದಾಗ ಮಾತ್ರ ರಜೆ.

ಪಾತ್ರ ಮಾಡಿಕೊಂಡ ಮೇಲೆ ಎಲ್ಲರೂ ಅದಕ್ಕೊಂದು ಚಿತ್ರ ಹುಡುಕ್ತಾರೆ. ನಮ್ಮ ಹುಡುಗರಿಗೆ ಐದು ನಿಮಿಷದಲ್ಲಿ ಸಿಕ್ತು. ನಮ್ಮಲ್ಲೊಬ್ಬಳದ್ದು ಪ್ಯಾಲಡಿನ್ ಪಾತ್ರ, ಅಂದ್ರೆ ಪ್ರತಿಜ್ಞೆ ತೊಟ್ಟ ಯೋಧೆ, ತಲೆಯಿಂದ ಪಾದದವರೆಗೆ ಉಕ್ಕಿನ ಕವಚ. ಅವಳಿಗೆ ಎರಡು ಸಂಜೆ ಬೇಕಾಯ್ತು. ಸಿಕ್ಕಿದ ಚಿತ್ರಗಳಲ್ಲಿ ಭುಜದ ಮೇಲೆ ಬಕೆಟ್‌ನಷ್ಟು ದೊಡ್ಡ ಕಬ್ಬಿಣ, ಮೊಣಕಾಲಿಗೂ ಕಬ್ಬಿಣ, ಹೊಟ್ಟೆ ಮಾತ್ರ ಖಾಲಿ! ಕರುಳು, ಲಿವರ್, ಕಿಡ್ನಿ ಎಲ್ಲ ಇರೋದು ಅಲ್ಲೇ ಅಲ್ವಾ?

ಎದೆಯ ಕಡೆ ಬಂದ್ರೆ ಇನ್ನೂ ವಿಚಿತ್ರ. ಮೆಕ್ಯಾನಿಕಲ್‌ನವರು ಸ್ವಲ್ಪ ಗಮನ ಕೊಡಿ. ಯುರೋಪಿನ ಹಳೇ ಎದೆಗವಚಗಳು ಹೊರಗೆ ಉಬ್ಬಿರ್ತಾವೆ, ಎಷ್ಟೋ ಕವಚಗಳಲ್ಲಿ ನಡುವೆ ಒಂದು ಏಣೂ ಇರುತ್ತೆ. ಯಾಕಂದ್ರೆ ಕತ್ತಿಯ ಮೊನೆ ತಗುಲಿದ್ರೂ ಪಕ್ಕಕ್ಕೆ ಜಾರಿ ಹೋಗಬೇಕು. ಗೇಮ್ ಚಿತ್ರಗಳಲ್ಲಿ ಹೆಂಗಸರ ಕವಚಕ್ಕೆ ಎರಡು ಬಟ್ಟಲು ಅಂಟಿಸಿರ್ತಾರೆ. ನಡುವೆ ಒಂದು ಕಣಿವೆ. ಬಟ್ಟಲುಗಳ ಒಳಬದಿಗೆ ಏಟು ಬಿದ್ರೆ ಮೊನೆ ಜಾರಿ ಬಂದು ನಿಲ್ಲೋದು ಆ ಕಣಿವೆಯಲ್ಲಿ, ನೇರ ಎದೆಮೂಳೆ ಮೇಲೆ. ಶತ್ರುಗೆ ದಾರಿ ತೋರಿಸೋ ಡಿಸೈನ್ ಇದು.

“ಡ್ರ್ಯಾಗನ್ ಹಾರೋ ಲೋಕದಲ್ಲಿ ಲಾಜಿಕ್ ಯಾಕೆ ಮಗಾ?” ಅಂತ ಕೇಳೋರು ಇದ್ದೇ ಇರ್ತಾರೆ. ಒಪ್ಪಿದ್ವಿ. ಆದ್ರೆ ಅದೇ ಚಿತ್ರದಲ್ಲಿ ಪಕ್ಕದಲ್ಲಿ ನಿಂತಿರೋ ಗಂಡಸಿನ ಕವಚಕ್ಕೆ ಒಂದೊಂದು ಬಕಲ್, ಒಂದೊಂದು ಮೊಳೆ ಲೆಕ್ಕ ಹಾಕಿ ಬರೆದಿರ್ತಾರೆ. ಅವನಿಗೆ ಲಾಜಿಕ್, ಇವಳಿಗೆ ಫ್ಯಾಂಟಸಿ.

ಇದು ಹಳೇ ಕಥೆ. 1973ರಲ್ಲಿ ಮಾರ್ವೆಲ್ ಕಾಮಿಕ್ಸ್‌ನಲ್ಲಿ ರೆಡ್ ಸೋನ್ಯಾ ಅನ್ನೋ ಕತ್ತಿವೀರಳು ಬಂದಳು. ಸ್ಪೇನ್‌ನ ಕಲಾವಿದ ಎಸ್ತೆಬಾನ್ ಮರೋಟೊ ಅವಳಿಗೆ ಲೋಹದ ಬಿಕಿನಿ ತೊಡಿಸಿದ, ಅದೇ ಫ್ಯಾಷನ್ ಆಯ್ತು. ಆಟದ ನಿಯಮಗಳಲ್ಲೂ ತಾರತಮ್ಯ ಇತ್ತು. 1978ರ ನಿಯಮ ಪುಸ್ತಕದ ಪ್ರಕಾರ ಗಂಡು ಯೋಧನ ಶಕ್ತಿ 18/00ವರೆಗೆ ಹೋಗಬಹುದು, ಹೆಣ್ಣಿನದು 18/50ಕ್ಕೆ ಸ್ಟಾಪ್. 1989ರ ಎರಡನೇ ಆವೃತ್ತಿಯಲ್ಲಿ ಅದನ್ನ ತೆಗೆದರು. ಸಂಖ್ಯೆ ಸರಿ ಮಾಡೋಕೆ ಒಂದು ಗೆರೆ ಹೊಡೆದ್ರೆ ಸಾಕು. ಚಿತ್ರ ಬದಲಾಗೋಕೆ ಇನ್ನೂ ತುಂಬ ವರ್ಷ ಬೇಕಾಯ್ತು. 2014ರ ಐದನೇ ಆವೃತ್ತಿಯ ಪುಸ್ತಕದಲ್ಲಿ ಮನುಷ್ಯ ಕುಲಕ್ಕೆ ಮಾದರಿಯಾಗಿ ಹಾಕಿರೋದು ಒಬ್ಬ ಕಪ್ಪು ಮಹಿಳೆಯ ಚಿತ್ರ, ಯುದ್ಧಕ್ಕೆ ಸಿದ್ಧಳಾಗಿ. ಆ ಪುಟ ನೋಡಿದಾಗ ನಮ್ಮ ಹುಡುಗಿಯರಿಬ್ಬರೂ ಸುಮಾರು ಹೊತ್ತು ಮುಂದಿನ ಪುಟ ತಿರುಗಿಸಲಿಲ್ಲ.

ಪಾತ್‌ಫೈಂಡರ್ ಅನ್ನೋ ಇನ್ನೊಂದು ಆಟಕ್ಕೆ ವೇಯ್ನ್ ರೆನಾಲ್ಡ್ಸ್ ಚಿತ್ರ ಬರೆದಿದ್ದಾರೆ. ಅವರ ಪ್ಯಾಲಡಿನ್ ಸೀಲಾಗೆ ಗಟ್ಟಿ ಉಕ್ಕಿನ ಕವಚ, ಎಷ್ಟು ಚೆನ್ನಾಗಿದ್ದಾಳೆ ಅಂತೀರಾ! ಅದೇ ಕೈ ಬರೆದ ಮಾಂತ್ರಿಕಳು ಸಿಯೋನಿಗೆ ಮೈ ತೋರಿಸೋ ಉಡುಪು. ಮಾಂತ್ರಿಕರು ಕವಚ ಹಾಕಲ್ಲ, ಸರಿ. ಆದ್ರೆ ಗಂಡು ಮಾಂತ್ರಿಕ ಎಜ್ರೆನ್ ನೋಡಿ: ಬಿಳಿ ಗಡ್ಡದ ಮುದುಕ, ಮೈ ತುಂಬ ಬಟ್ಟೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ವಿಷಯ ಎತ್ತಿದಾಗ ನಮ್ಮ ಪರ ಮಾತಾಡಿದ ಕ್ಲಾಸ್‌ಮೇಟ್ ಒಬ್ಬ, “ಕರೆಕ್ಟ್, ಹುಡುಗೀರು ಮೈ ತುಂಬ ಬಟ್ಟೆ ಹಾಕ್ಕೋಬೇಕು” ಅಂದ. ಆ ಚಿತ್ರಗಳಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ಆ ಬೆಂಬಲಕ್ಕೆ. ದುಪಟ್ಟಾ, ಜೀನ್ಸ್, ತೋಳಿನ ಉದ್ದ, ಎಲ್ಲದಕ್ಕೂ ಉಪದೇಶ ಕೇಳಿ ಕೇಳಿ ಸಾಕಾಗಿದೆ. ಕ್ಲಾಸಿಗೆ ಬರೋ ಹುಡುಗಿ ತನ್ನ ಬಟ್ಟೆ ತಾನೇ ಆರಿಸ್ಕೋತಾಳೆ. ಚಿತ್ರದಲ್ಲಿರೋಳು ಆರಿಸ್ಕೊಳ್ಳಲ್ಲ, ಅವಳಿಗೆ ಬೇರೆ ಯಾರೋ ಆರಿಸ್ತಾರೆ. ನಮ್ಮ ಪ್ರಶ್ನೆ ಇರೋದು ಆ ಬೇರೆ ಯಾರೋಗೆ.

ಬಟ್ಟೆಯೇ ಸಮಸ್ಯೆ ಅಲ್ಲ ಅನ್ನೋಕೆ ನಮ್ಮ ಮೇಜಲ್ಲೇ ಸಾಕ್ಷಿ ಇದೆ. ಇನ್ನೊಬ್ಬಳು ಗೆಳತಿ ತನ್ನ ಪಾತ್ರವನ್ನ ಚಿತ್ರದುರ್ಗದ ಓಬವ್ವನ ಮೇಲೆ ಕಟ್ಟಿದ್ದಾಳೆ. ಒನಕೆಗೆ ನಿಯಮದಲ್ಲಿ ಹತ್ತಿರದ ಆಯುಧ ಗ್ರೇಟ್‌ಕ್ಲಬ್, ಎರಡು ಕೈ ಬೇಕು, ಎಂಟು ಮುಖದ ದಾಳದಷ್ಟು ಏಟು. ಕವಚ ಸೊನ್ನೆ, ಬರೀ ಎತ್ತಿ ಕಟ್ಟಿದ ಸೀರೆ. ನಾವು ನೋಡಿದ ಓಬವ್ವನ ಚಿತ್ರಗಳಲ್ಲಿ ಅವಳ ಕಣ್ಣು ಇರೋದು ಕಿಂಡಿ ಮೇಲೆ, ಮುಂದಿನ ತಲೆ ಯಾವಾಗ ತೂರುತ್ತೆ ಅಂತ. ನೋಡೋರ ಕಡೆ ಅವಳಿಗೆ ಗಮನವೇ ಇಲ್ಲ. ನಮಗೆ ಸಿಕ್ಕಿದ ಎಷ್ಟೋ ಫ್ಯಾಂಟಸಿ ಚಿತ್ರಗಳಲ್ಲಿ ಹೆಣ್ಣು ಡ್ರ್ಯಾಗನ್‌ಗೆ ಬೆನ್ನು ಹಾಕಿ, ಸೊಂಟ ತಿರುಚಿ, ನಮ್ಮನ್ನೇ ನೋಡ್ತಿರ್ತಾಳೆ. ಕಾನನ್ ಕೂಡ ಅರೆಬೆತ್ತಲೆಯೇ, ಆದ್ರೆ ಅವನು ಹಾವು ಕಡೀತಿರ್ತಾನೆ.

ಒಂದು ಶನಿವಾರ ನಮ್ಮ ಹುಡುಗರಲ್ಲೊಬ್ಬನಿಗೆ ಅಂಥದ್ದೇ ಒಂದು ಚಿತ್ರ ತೋರಿಸಿ, “ಹೀಗೇ ನಿಂತ್ಕೋ” ಅಂದ್ವಿ. ಎದೆಯೂ ಕಾಣಬೇಕು, ಹಿಂಭಾಗವೂ ಕಾಣಬೇಕು, ಕೈಯಲ್ಲಿ ಕತ್ತಿ. ಹತ್ತು ಸೆಕೆಂಡ್‌ಗೆ ಸೊಂಟ ಹಿಡ್ಕೊಂಡು ಕೂತ. ಎಲ್ಲರೂ ನಕ್ವಿ. ನಗು ನಿಂತ ಮೇಲೆ ಅವನೇ ಕೇಳಿದ, “ಇದರಲ್ಲಿ ಏಟು ತಡೆಯೋದು ಹೇಗ್ರೇ?”

ನಮ್ಮ ಕಾಲೇಜಲ್ಲೇ ಯೂನಿಟಿ ಕಲಿತು ಗೇಮ್ ಮಾಡೋರು ಇದ್ದೀರಿ, ಫೆಸ್ಟ್ ಪೋಸ್ಟರ್ ಬರೆಯೋರು ಇದ್ದೀರಿ. ಹೆಣ್ಣು ಪಾತ್ರ ಬರೆಯೋವಾಗ ಎರಡೇ ಪ್ರಶ್ನೆ ಕೇಳ್ಕೊಳ್ಳಿ. ಅವಳು ಏನು ಮಾಡ್ತಿದ್ದಾಳೆ? ಎಲ್ಲಿ ನೋಡ್ತಿದ್ದಾಳೆ? ಉತ್ತರ ಸಿಕ್ಕಿದ ಮೇಲೆ ಬಟ್ಟೆ ಯಾವುದಾದ್ರೂ ಇರಲಿ. ಡೌಟ್ ಇದ್ರೆ ಶನಿವಾರ ಸಂಜೆ ಕ್ಯಾಂಟೀನ್ ಕಡೆ ಬನ್ನಿ, ಆ ಪೋಸ್‌ನಲ್ಲಿ ನಿಮ್ಮನ್ನೂ ಹತ್ತು ಸೆಕೆಂಡ್ ನಿಲ್ಲಿಸ್ತೀವಿ.