ಅಪ್ಪನ ಇನ್ಸುಲಿನ್, ನೈರೋಬಿಯ ಜುಲೈ

ನೈರೋಬಿಗೆ ಹೊಸದಾಗಿ ಬಂದು ಸಂಸಾರ ಹೂಡುವ ನಮ್ಮವರು ಯಾವ ಫ್ರಿಜ್ ತೆಗೆದುಕೊಳ್ಳಲಿ ಎಂದು ಕೇಳಿದರೆ, ಕಂಪನಿ, ಲೀಟರು, ಬೆಲೆಗಳ ಮಾತಿಗೆ ಮೊದಲು ನಾನು ಜುಲೈ ತಿಂಗಳ ಮಾತು ತೆಗೆಯುತ್ತೇನೆ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡೇ ಬಂದವರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಈ ಊರು ಸಮಭಾಜಕ ವೃತ್ತಕ್ಕೆ ತೀರ ಹತ್ತಿರದಲ್ಲಿದ್ದರೂ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ಬೆಂಗಳೂರಿನ ಎರಡರಷ್ಟು. ಜೂನ್ ಮುಗಿಯುತ್ತಿದ್ದಂತೆ ಮೋಡ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನವೂ ಸ್ವೆಟರ್ ಬಿಚ್ಚುವ ಹಾಗಿರುವುದಿಲ್ಲ. ರಾತ್ರಿ 10–12 ಡಿಗ್ರಿಗೆ ಇಳಿಯುತ್ತದೆ. ಮನೆ ಬೆಚ್ಚಗಿಡುವ ಏರ್ಪಾಡು ಯಾವ ಸಾಮಾನ್ಯ ಫ್ಲ್ಯಾಟಿನಲ್ಲೂ ಇಲ್ಲ. ಹೊರಗಿನ ಚಳಿಯೇ ಒಳಗೂ. 2023ರ ಜುಲೈನಲ್ಲಿ ಈ ಚಳಿಗೂ ನನ್ನ ಫ್ರಿಜ್ಜಿಗೂ ಏನು ಸಂಬಂಧ ಎಂದು ನನಗೆ ತಿಳಿದಿರಲಿಲ್ಲ. ಅದರ ಕಷ್ಟ ಅನುಭವಿಸಿದವರು ನಮ್ಮಪ್ಪ.

ಫ್ರಿಜ್ ಆರಿಸಿದ್ದು ನಾನೇ. ಲೂಥುಲಿ ಅವೆನ್ಯೂದ ಅಂಗಡಿಗಳಲ್ಲಿ ಹೊಸದರ ಬೆಲೆ ವಿಚಾರಿಸಿ ಬಂದು, ಕೊನೆಗೆ ಪಾರ್ಕ್‌ಲ್ಯಾಂಡ್ಸಿನಿಂದ ಇಂಡಿಯಾಕ್ಕೆ ವಾಪಸಾಗುತ್ತಿದ್ದ ಒಂದು ಸಂಸಾರದಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮೇಲೆ ಫ್ರೀಜರ್, ಕೆಳಗೆ ಫ್ರಿಜ್, ಎರಡು ಬಾಗಿಲು, ಐಸ್ ಕಟ್ಟಿಕೊಳ್ಳದ ಫ್ರಾಸ್ಟ್ ಫ್ರೀ. ನನಗೆ ಬೇಕಾಗಿದ್ದದ್ದೇ ದೊಡ್ಡ ಫ್ರೀಜರ್. ಕರಾವಳಿಯಿಂದ ಬರುವ ತೆಂಗಿನಕಾಯಿಯನ್ನು ಒಟ್ಟಿಗೆ ತಂದು ತುರಿದು ಇಡಬೇಕು, ಅವರೆಕಾಳು ಇಡಬೇಕು, ಕರಿಬೇವು ಸಿಕ್ಕಾಗ ಸಿಕ್ಕಷ್ಟು ಇಡಬೇಕು. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದೆ, ಬಿಗಿಯಾಗಿತ್ತು. ಕಂಪ್ರೆಸರ್ ಸದ್ದು ಕೇಳಿದೆ, ಸರಿಯಾಗಿತ್ತು. ಒಳಗಿನ ಸ್ಟಿಕ್ಕರ್ ಓದಲಿಲ್ಲ.

ಆ ಸ್ಟಿಕ್ಕರಿನಲ್ಲಿ ‘ಟಿ’ ಎಂಬ ಒಂದು ಅಕ್ಷರವಿತ್ತು. ಸುತ್ತಲಿನ ಗಾಳಿ ಎಷ್ಟು ಬಿಸಿ, ಎಷ್ಟು ತಣ್ಣಗಿದ್ದರೆ ಫ್ರಿಜ್ ಸರಿಯಾಗಿ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಸುವ ಹವಾಮಾನ ವರ್ಗ ಅದು. ‘ಟಿ’ ಎಂದರೆ 16ರಿಂದ 43 ಡಿಗ್ರಿ. ‘ಎಸ್‌ಟಿ’ ಎಂದರೆ 16ರಿಂದ 38, ‘ಎನ್’ ಎಂದರೆ 16ರಿಂದ 32. ಹತ್ತು ಡಿಗ್ರಿವರೆಗಿನ ಚಳಿಗೂ ಆಗಿಬರುವುದು ‘ಎಸ್‌ಎನ್’. ನನ್ನದು ಕಲಬುರಗಿಯ ಮೇ ತಿಂಗಳನ್ನು ತಡೆಯಬಲ್ಲ ಫ್ರಿಜ್. ಅದನ್ನು ನಾನು ತಂದು ನಿಲ್ಲಿಸಿದ್ದು ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಜಾಗದಲ್ಲಿ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಯುಟಿಲಿಟಿ ಎನ್ನುತ್ತೇವಲ್ಲ, ಅಂಥದ್ದು. ಇಲ್ಲಿ ಅದರ ಒಂದು ಪಕ್ಕ ಪೂರ್ತಿ ಜಾಲಿ. ರಾತ್ರಿಯ ಗಾಳಿ ನೇರವಾಗಿ ಒಳಗೆ ಬರುತ್ತದೆ.

ಇಂಥ ಫ್ರಿಜ್ಜಿನ ಒಳಗುಟ್ಟು ಹೀಗಿದೆ. ಶೀತ ಹುಟ್ಟುವುದು ಒಂದೇ ಕಡೆ, ಫ್ರೀಜರಿನ ಹಿಂಬದಿಯ ಹಲಗೆಯ ಹಿಂದೆ. ಅಲ್ಲಿರುವ ಸಣ್ಣ ಫ್ಯಾನ್ ಆ ಗಾಳಿಯನ್ನು ಮೊದಲು ಫ್ರೀಜರಿಗೆ ಊದುತ್ತದೆ. ಅದರಲ್ಲಿ ಸ್ವಲ್ಪ ಪಾಲು ಒಂದು ಕೊಳವೆಯ ಮೂಲಕ ಕೆಳಗಿಳಿದು ಫ್ರಿಜ್ಜಿಗೆ ಬರುತ್ತದೆ. ಕಂಪ್ರೆಸರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವ ಥರ್ಮೋಸ್ಟಾಟ್ ನನ್ನ ಫ್ರಿಜ್ಜಿನಲ್ಲಿ ಇರುವುದು ಕೆಳಗಿನ ಭಾಗದಲ್ಲಿ. ಹೊರಗೆ 11 ಡಿಗ್ರಿ ಇದ್ದಾಗ ಕೆಳಭಾಗ ಬಿಸಿಯಾಗುವುದೇ ಇಲ್ಲ. ಥರ್ಮೋಸ್ಟಾಟ್ ಸುಮ್ಮನಿರುತ್ತದೆ, ಕಂಪ್ರೆಸರ್ ಗಂಟೆಗಟ್ಟಲೆ ಮಲಗಿಬಿಡುತ್ತದೆ. ಮೈನಸ್ 18 ಇರಬೇಕಾದ ಫ್ರೀಜರ್ ಮಾತ್ರ ಮೆಲ್ಲಗೆ ಮೇಲೇರುತ್ತಾ ಹೋಗುತ್ತದೆ. ಚಳಿ ಹೆಚ್ಚಾದಷ್ಟೂ ಫ್ರೀಜರ್ ಕೆಡುತ್ತದೆ. ಕೇಳಿದರೆ ನಂಬುವುದು ಕಷ್ಟ, ಆದರೆ ಯಂತ್ರದ ಲೆಕ್ಕದಲ್ಲಿ ಇದು ನೇರವಾದದ್ದು. ಚಳಿದೇಶಗಳಿಗೆ ಮಾಡಿದ ಕೆಲವು ಫ್ರಿಜ್ಜುಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ಹೀಟರ್ ಇಟ್ಟು ಥರ್ಮೋಸ್ಟಾಟನ್ನು ಎಚ್ಚರಿಸುತ್ತಾರೆ.

ನನಗೆ ಕಂಡದ್ದು ಬೇರೆ. ಮಕ್ಕಳ ಐಸ್‌ಕ್ರೀಂ ಮೆತ್ತಗಾಗಿತ್ತು. ಗಟ್ಟಿಯಾಗಿರಬೇಕಾದ ತೆಂಗಿನತುರಿ ಕೈಯಲ್ಲಿ ಉದುರುತ್ತಿತ್ತು. ಕರೆಂಟಿಗೆ ಹಾಕಿಸಿದ ಪ್ರೀಪೇಯ್ಡ್ ಟೋಕನ್ ಆ ತಿಂಗಳು ಹೆಚ್ಚು ದಿನ ಬಂದಿತ್ತು. ಕಂಪ್ರೆಸರ್ ಓಡುತ್ತಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿಯಾಗಿತ್ತು, ನಾನು ಖುಷಿಪಟ್ಟೆ. ಫ್ರೀಜರಿಗೆ ಶೀತ ಸಾಲದು ಎಂದುಕೊಂಡು ಕೆಳಗಿನ ನಾಬನ್ನು ಕೊನೆಯವರೆಗೆ ತಿರುಗಿಸಿದೆ.

ಆಗ ಅಪ್ಪ ತಿಪಟೂರಿನಿಂದ ಬಂದು ನಮ್ಮ ಜೊತೆ ಇದ್ದರು. ಬರುವಾಗ ಐಸ್ ಪ್ಯಾಕ್ ಇಟ್ಟ ಫ್ಲಾಸ್ಕಿನಲ್ಲಿ ಇನ್ಸುಲಿನ್ ಬಾಟಲಿಗಳನ್ನು ಜೋಪಾನವಾಗಿ ತಂದಿದ್ದರು. ಬೆಳಿಗ್ಗೆ, ರಾತ್ರಿ ಊಟಕ್ಕೆ ಮುಂಚೆ ಚುಚ್ಚಿಕೊಳ್ಳುವ, ಹಾಲಿನ ಬಣ್ಣದ ಮಿಶ್ರ ಇನ್ಸುಲಿನ್. ಬಂದ ದಿನವೇ ಅದನ್ನು ಫ್ರಿಜ್ಜಿನ ಬಾಗಿಲಿನಲ್ಲಿ ಇಟ್ಟು, “ಇಲ್ಲೇ ಇರಲಮ್ಮ, ಊರಲ್ಲಿ ಕಾಂಪೌಂಡರ್ ಹೀಗೇ ಇಡಿ ಅಂದಿದ್ರು” ಎಂದಿದ್ದರು. ಬಾಗಿಲಿನಲ್ಲಿ ಹಾಲು, ನೀರಿನ ಬಾಟಲಿಗಳ ನೂಕುನುಗ್ಗಲು, ಮಕ್ಕಳು ಧಡಾರನೆ ಬಾಗಿಲು ತೆಗೆಯುತ್ತಾರೆ ಎಂದು ನಾನು ಅದನ್ನು ಎತ್ತಿ ಮೇಲಿನ ಶೆಲ್ಫಿನ ಹಿಂಬದಿಗೆ ಸರಿಸಿದೆ. ಅಲ್ಲಿ ಚೆನ್ನಾಗಿ ತಣ್ಣಗಿರುತ್ತದೆ, ಯಾರ ಕೈಯೂ ತಾಗುವುದಿಲ್ಲ ಎನ್ನುವ ಲೆಕ್ಕ ನನ್ನದು. ಫ್ರೀಜರಿನಿಂದ ಇಳಿಯುವ ಕೊಳವೆಯ ಬಾಯಿ ಸರಿಯಾಗಿ ಅಲ್ಲೇ ಇತ್ತು.

ನಾಬ್ ಕೊನೆಗೆ ತಿರುಗಿದ ಮೇಲೆ, ಹಗಲಿನಲ್ಲಿ ಅಡುಗೆಯ ಗಡಿಬಿಡಿಯಲ್ಲಿ ಬಾಗಿಲು ತೆಗೆದು ಹಾಕುವಾಗೆಲ್ಲ ಕಂಪ್ರೆಸರ್ ಬಿಡದೆ ಓಡಿ, ಸೊನ್ನೆಗಿಂತ ಎಷ್ಟೋ ಕೆಳಗಿನ ಗಾಳಿ ಆ ಬಾಟಲಿಗಳ ಮೇಲೆ ಬೀಳುತ್ತಿತ್ತು. ರಾತ್ರಿ ಕಂಪ್ರೆಸರ್ ಮಲಗಿದಾಗ ಕಟ್ಟಿದ್ದು ಕರಗುತ್ತಿತ್ತು. ಬೆಳಿಗ್ಗೆ ನಾನು ತೆಗೆಯುವ ಹೊತ್ತಿಗೆ ನೋಡಲು ಮಾಮೂಲಿ ಬಾಟಲಿಯೇ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಪ್ಪನಿಗೆ ಸಿರಿಂಜಿನ ಸಣ್ಣ ಗೆರೆಗಳು ಕಾಣುವುದಿಲ್ಲ; ಔಷಧ ತುಂಬುತ್ತಿದ್ದವಳು ನಾನೇ. ಅಂಗೈಗಳ ನಡುವೆ ಉರುಳಿಸಿ, ಬೆಳಕಿಗೆ ಹಿಡಿದು ನೋಡಿ ತುಂಬಬೇಕು ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಇರುತ್ತದೆ. ನಾನು ಉರುಳಿಸುತ್ತಿದ್ದೆ, ಬೆಳಕಿಗೆ ಹಿಡಿಯುತ್ತಿರಲಿಲ್ಲ.

ಅಪ್ಪನಿಗೆ ಬಾಯಾರಿಕೆ ಹೆಚ್ಚಾಯಿತು. ರಾತ್ರಿ ಮತ್ತೆ ಮತ್ತೆ ಏಳತೊಡಗಿದರು. ಸಿಟಿ ಪಾರ್ಕಿನಲ್ಲಿ ಲವಲವಿಕೆಯಿಂದ ಸುತ್ತು ಹಾಕುತ್ತಿದ್ದವರು ಗೇಟಿನ ಹತ್ತಿರವೇ ಕುಳಿತುಬಿಡುತ್ತಿದ್ದರು. ನನ್ನ ತಲೆಗೆ ಹೊಳೆದದ್ದು ಕೊಬ್ಬರಿ ಮಿಠಾಯಿ ಡಬ್ಬ. ಮೊಮ್ಮಕ್ಕಳಿಗೆಂದು ಊರಿನಿಂದ ತಂದ ಡಬ್ಬ ಅವರ ಕೋಣೆಯಲ್ಲೇ ಇತ್ತು. “ಅಪ್ಪ, ನಿಜ ಹೇಳು, ಮಿಠಾಯಿ ತಿಂತಿದ್ದೀಯಾ?” ಎಂದು ಮಕ್ಕಳೆದುರಿಗೇ ಕೇಳಿದೆ. “ನಾನ್ಯಾಕಮ್ಮ ಸುಳ್ಳು ಹೇಳಲಿ” ಎಂದರು. ಮಾತು ಅಲ್ಲಿಗೇ ಬಿಡಲಿಲ್ಲ ನಾನು. ಡಬ್ಬವನ್ನು ತೆಗೆದುಕೊಂಡು ಹೋಗಿ ನನ್ನ ಬೀರುವಿನಲ್ಲಿಟ್ಟೆ. ಎಪ್ಪತ್ತು ದಾಟಿದ, ಜೀವನದಲ್ಲಿ ಯಾರಿಂದಲೂ ಅಂಥ ಮಾತು ಕೇಳದ ಮನುಷ್ಯ ಆಮೇಲೆ ಊಟದಲ್ಲಿ ಅನ್ನವನ್ನೇ ಕಡಿಮೆ ಮಾಡಿದರು. ಆ ಕೆಲವು ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇನ್ಸುಲಿನ್ ಹಾಳು ಮಾಡಿದ್ದಕ್ಕಿಂತ ಈ ಅನುಮಾನವೇ ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ.

ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಸಕ್ಕರೆ 17 ಎಂದು ಬರೆದುಕೊಟ್ಟರು. ಊರಿನ ಲೆಕ್ಕದಲ್ಲಿ 17 ಎಂದರೆ ಮನುಷ್ಯ ಎಚ್ಚರವಿರುವುದೇ ಸಾಧ್ಯವಿಲ್ಲ, ಅಪ್ಪ ಗಾಬರಿಯಾದರು. ಕೀನ್ಯಾದಲ್ಲಿ ಅಳೆಯುವುದು ಬೇರೆ ಮಾನದಲ್ಲಿ. ಅದನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ, 306. ಅಡ್ಮಿಟ್ ಮಾಡಬೇಕಾಗಲಿಲ್ಲ, ಸಂಜೆಯವರೆಗೆ ಡ್ರಿಪ್ ಹಾಕಿ ಕಳಿಸಿದರು. ಕಾರಣ ಹಿಡಿದದ್ದು ಅಲ್ಲಿಯ ನರ್ಸ್. ಮನೆಯಿಂದ ಬಾಟಲಿ ತರಿಸಿ, ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದಳು. ಗಾಜಿನ ಒಳಮೈಗೆ ಬಿಳಿಯ ಸಣ್ಣ ಕಣಗಳು ಅಂಟಿಕೊಂಡಿದ್ದವು, ತಳದಲ್ಲಿ ಎಷ್ಟು ಉರುಳಿಸಿದರೂ ಬೆರೆಯದ ಗರಣೆ. “ಇದು ಫ್ರೀಜ್ ಆಗಿದೆ, ಎಸೆಯಿರಿ” ಎಂದಳು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆ ಕಂಡರೂ ಬಳಸಬಾರದು. ತಿಳಿಯಾದ ಇನ್ಸುಲಿನ್ ಆದರೆ ಇಷ್ಟು ಗುರುತೂ ಸಿಗದಿರಬಹುದು.

ಇನ್ನೊಂದು ಅಪಾಯವನ್ನೂ ಅವಳೇ ತಪ್ಪಿಸಿದಳು. ಇಂಡಿಯಾದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಇಲ್ಲಿ ಸಿಗುವುದರಲ್ಲಿ 100. ಅಪ್ಪ ತಂದಿದ್ದ ಕೆಂಪು ಮುಚ್ಚಳದ ಸಿರಿಂಜ್ 40ರದ್ದು. ಅದರಲ್ಲಿ ಇಲ್ಲಿಯ ಔಷಧವನ್ನು ಅದೇ ಗೆರೆಯವರೆಗೆ ಎಳೆದಿದ್ದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತಿತ್ತು. ಹೊಸ ಬಾಟಲಿಯ ಜೊತೆಗೆ ಕಿತ್ತಳೆ ಮುಚ್ಚಳದ ಸಿರಿಂಜನ್ನೇ ಕೊಂಡು ತಂದೆವು. ಅಪ್ಪ ಅಮ್ಮನನ್ನು ಪರದೇಶಕ್ಕೆ ಕರೆಸಿಕೊಳ್ಳುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು.

ಫ್ರಿಜ್ ನೋಡಲು ಬಂದ ಫುಂಡಿಗೆ (ರಿಪೇರಿಯವರನ್ನು ಇಲ್ಲಿ ಕರೆಯುವುದೇ ಹಾಗೆ) ನಾನು ಹೇಳಿದ್ದು, ಗ್ಯಾಸ್ ಖಾಲಿಯಾಗಿರಬೇಕು ಎಂದು. ಆತ ಗ್ಯಾಸಿನ ಗೊಡವೆಗೇ ಹೋಗಲಿಲ್ಲ. ಟಿಶ್ಯೂ ಪೇಪರಿನ ಒಂದು ಎಳೆ ಹರಿದು, ಬಾಗಿಲು ತೆರೆದೇ ಇರುವಾಗ ದೀಪದ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದ. ಬಾಗಿಲು ಮುಚ್ಚಿದೆ ಎಂದುಕೊಂಡು ಫ್ಯಾನ್ ಶುರುವಾಯಿತು. ಪೇಪರನ್ನು ಮೇಲಿನ ಶೆಲ್ಫಿನ ಹಿಂಬದಿಗೆ ಒಯ್ದ, ಅದು ಪಟಪಟ ಹೊಡೆದುಕೊಂಡಿತು. ಮಧ್ಯದ ಶೆಲ್ಫಿನ ಮುಂಭಾಗಕ್ಕೆ ತಂದ, ತುದಿ ಅಲುಗಿದರೆ ಅಲುಗಿತು. ಬಾಗಿಲಿನ ಹತ್ತಿರ ಸುಮ್ಮನೆ ಜೋತುಬಿದ್ದಿತ್ತು. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಕಾಂಪೌಂಡರ್ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅಂದು ಸಂಜೆ ಡಬ್ಬವನ್ನು ಅವರ ಕೋಣೆಗೆ ವಾಪಸು ತಂದಿಟ್ಟು ಕ್ಷಮೆ ಕೇಳಿದೆ. ಅದರ ಮೇಲಿನ ದಾರದ ಗಂಟು ಕೂಡ ಬಿಚ್ಚಿರಲಿಲ್ಲ.

ರಿಪೇರಿ ಮಾಡುವಂಥದ್ದೇನೂ ಇರಲಿಲ್ಲ. ಫ್ರಿಜ್ಜನ್ನು ಯುಟಿಲಿಟಿಯಿಂದ ಎತ್ತಿ ಊಟದ ಕೋಣೆಯ ಒಳಗೋಡೆಗೆ, ಹಿಂದೆ ಒಂದು ಗೇಣು ಜಾಗ ಬಿಟ್ಟು ಇಟ್ಟೆವು. ನಾಬ್ ಮಧ್ಯಕ್ಕೆ ಬಂತು. ಮನುಷ್ಯರು ಓಡಾಡುವ, ದೀಪ ಉರಿಯುವ ಆ ಕೋಣೆ ಜುಲೈ ರಾತ್ರಿಯಲ್ಲೂ 17ಕ್ಕಿಂತ ಕೆಳಗಿಳಿಯಲಿಲ್ಲ. ಫ್ರೀಜರ್ ಮತ್ತೆ ಗಟ್ಟಿಯಾಯಿತು. ಒಂದು ಫ್ರಿಜ್ ಥರ್ಮಾಮೀಟರ್ ಕೊಂಡು ಒಳಗಿಟ್ಟೆ. ನಾಬಿನ ಮೇಲಿನ 1ರಿಂದ 5 ಡಿಗ್ರಿಗಳಲ್ಲ ಎಂಬುದು ಅದನ್ನು ಇಟ್ಟ ಮೇಲೆ ಮನಸ್ಸಿಗೆ ಇಳಿಯಿತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಅದು ಈಗ ಮಧ್ಯದ ಶೆಲ್ಫಿನ ಮುಂಭಾಗದಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಳಸುತ್ತಿರುವ ಬಾಟಲಿಗೆ ಫ್ರಿಜ್ಜೇ ಬೇಕಾಗಿರಲಿಲ್ಲ. ಅಪ್ಪನದು ಬಿಸಿಲು ತಾಗದ ಕಡೆ, 25 ಡಿಗ್ರಿಯೊಳಗೆ ನಾಲ್ಕು ವಾರ ಹೊರಗಿರಬಹುದು ಎಂದು ನರ್ಸ್ ಹೇಳಿದಳು. ನೈರೋಬಿಯ ಜುಲೈನಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಆಗಸ್ಟ್ 25ರ ಶುಕ್ರವಾರ ರಾತ್ರಿ ಇಡೀ ಕೀನ್ಯಾದಲ್ಲಿ ಕರೆಂಟ್ ಹೋಯಿತು. ವಿಮಾನ ನಿಲ್ದಾಣದ ಟರ್ಮಿನಲ್ಲೂ ಕತ್ತಲಲ್ಲಿ ಮುಳುಗಿತು. ಮೊದಲಾಗಿದ್ದರೆ ಹಾಲು ಕೆಟ್ಟಿತೇ, ತುರಿ ಕರಗಿತೇ ಎಂದು ಹತ್ತು ಸಲ ಬಾಗಿಲು ತೆಗೆಯುತ್ತಿದ್ದೆ. ಈ ಸಲ ಯಾರೂ ಮುಟ್ಟಲಿಲ್ಲ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ಶೀತ ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದ ಫ್ರೀಜರ್ ಎರಡು ದಿನ. ಮರುದಿನ ತೆರೆದಾಗ ಕೆಳಗೆ 9 ಡಿಗ್ರಿ. ತುರಿಯ ಪೊಟ್ಟಣಗಳು ಇನ್ನೂ ಕಲ್ಲಿನಂತಿದ್ದವು. ಹಾಲು, ಹುಳಿ ಚೆಲ್ಲಿದೆ, ಔಷಧಕ್ಕೆ ಏನೂ ಆಗಿರಲಿಲ್ಲ. ಕರೆಂಟ್ ಬಂದ ಕೂಡಲೇ ಏರಿಳಿಯುವ ವೋಲ್ಟೇಜು ಕಂಪ್ರೆಸರಿಗೆ ತಾಗದಂತೆ ಕೆಲವು ನಿಮಿಷ ತಡೆದು ಬಿಡುವ ಫ್ರಿಜ್ ಗಾರ್ಡ್ ಇಲ್ಲಿ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಫ್ರಿಜ್ ಕೊಂಡ ದಿನವೇ ಅದನ್ನೂ ಕೊಳ್ಳಬೇಕು.

ಮುಂದಿನ ಸಲವೂ ನಾನು ಕೊಳ್ಳುವುದು ಮೇಲೆ ಫ್ರೀಜರ್ ಇರುವುದನ್ನೇ. ಭಾಗಗಳು ಕಡಿಮೆ, ಬೆಲೆ ಕಡಿಮೆ, ಯಾವ ಬೀದಿಯ ಫುಂಡಿಗೂ ಅದರ ಒಳಗು ಗೊತ್ತು. ಆದರೆ ಎರಡೂ ಭಾಗಗಳಿಗೆ ಬೇರೆ ಬೇರೆ ಸೆನ್ಸರ್ ಇರುವುದನ್ನು, ‘ಎಸ್‌ಎನ್’ನಿಂದ ‘ಟಿ’ವರೆಗೆ ಎಲ್ಲ ಅಕ್ಷರಗಳೂ ಸ್ಟಿಕ್ಕರಿನಲ್ಲಿ ಇರುವುದನ್ನು ಹುಡುಕುತ್ತೇನೆ. ಅಂಥವು ಸಿಗುತ್ತವೆ. ಅದೇ ಸ್ಟಿಕ್ಕರಿನಲ್ಲಿ ಗ್ಯಾಸಿನ ಹೆಸರೂ ಇರುತ್ತದೆ. ಆರ್600ಎ ಇದ್ದರೆ ಒಳ್ಳೆಯದು, ಅದು ಓಝೋನ್ ಪದರಕ್ಕೆ ಕೆಡುಕು ಮಾಡುವುದಿಲ್ಲ, ಭೂಮಿಯನ್ನು ಬಿಸಿ ಮಾಡುವುದೂ ತೀರ ಕಡಿಮೆ. ಹಳೆಯ ಗ್ಯಾಸುಗಳನ್ನು ಜಗತ್ತಿನ ಅಡುಗೆಮನೆಗಳಿಂದ ಹೊರಹಾಕಿದ 1987ರ ಮಾಂಟ್ರಿಯಲ್ ಒಪ್ಪಂದದ ಸಚಿವಾಲಯ ಇರುವುದು ಇದೇ ನೈರೋಬಿಯ ಗಿಗಿರಿಯಲ್ಲಿ, ನಮ್ಮ ಮನೆಯಿಂದ ಬಹಳ ದೂರವೇನಲ್ಲ. ಅಪ್ಪ ಮುಂದಿನ ವರ್ಷ ಮತ್ತೆ ಬರುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ಹೊಸ ಫ್ರಿಜ್ ಬರಬೇಕು.